ಬಾಡಿಗೆ ಗೌನು, ಸ್ವಂತ ಜಾಕೆಟ್ಟು

ಸುಳ್ಳು ಹೇಳುವುದಕ್ಕೆ ಮನುಷ್ಯನಿಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸೇಲ್ಸ್‌ಮನ್ ಒಬ್ಬ ಎದುರಿಗೆ ನಿಂತು, ತಲೆ ಸ್ವಲ್ಪ ಓರೆ ಮಾಡಿ, ‘ಸಾರ್’ ಎಂದು ಕರೆದರೆ ಸಾಕು. ನಾನು ಹುಟ್ಟಾ ನೇರ ಮಾತಿನವನು. ಮನಸ್ಸಿಗೆ ಬಂದದ್ದನ್ನು ಮುಖಕ್ಕೆ ಹೇಳಿ ಆಫೀಸಿನಲ್ಲಿ ಬಡ್ತಿ ಕಳೆದುಕೊಂಡವನು. ನೆಂಟರ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿ, ಅವರ ಎರಡನೆಯ ಮಗಳ ಮದುವೆಯ ಸಾರನ್ನೂ ಕಳೆದುಕೊಂಡವನು. ನಮ್ಮ ಬೀದಿಯ ಕನ್ನಡ ಸಂಘದ ಜಮಾಖರ್ಚನ್ನು ವರ್ಷಕ್ಕೊಮ್ಮೆ ಓದಿ ಹೇಳುವ ಕೆಲಸವನ್ನು ನನಗೇ ಕೊಟ್ಟಿರುವುದು ಕೂಡ ಇದೇ ಕಾರಣಕ್ಕೆ. ‘ಗ್ರಾಜುಯೇಟ್ ಸಾರ್ ಓದಿದ್ರು ಅಂದ್ರೆ ಮುಗೀತು, ಸುಳ್ಳಿರಲ್ಲ’ ಎನ್ನುತ್ತಾರೆ. ಅಂಥ ನಾನು ಬೆನ್ನ ಮೇಲೊಂದು ಸುಳ್ಳನ್ನು ಹೊತ್ತುಕೊಂಡು ಬನಶಂಕರಿಯ ಬೀದಿಗಳಲ್ಲಿ ವಾರಗಟ್ಟಲೆ ಓಡಾಡಿದೆ. ಆ ಸುಳ್ಳಿಗೆ ಎರಡು ತೋಳು, ಒಂದು ಕಾಲರು ಮತ್ತು ಲೆಕ್ಕವಿಲ್ಲದಷ್ಟು ಜೇಬುಗಳಿದ್ದವು.

ಮೊದಲು ಗ್ರಾಜುಯೇಟ್ ಎಂಬ ಬಿರುದಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದೆ ನಾನು ಯಾವ ಮಾತನ್ನೂ ಮುಂದುವರಿಸಿದ್ದಿಲ್ಲ ಎಂಬುದು ನನ್ನ ಹೆಂಡತಿ ಗಿರಿಜಾಳ ದೂರು. ನಮ್ಮ ವಂಶದಲ್ಲಿ ಪದವಿ ಎಂಬುದನ್ನು ಕಂಡವನು ನಾನೇ ಮೊದಲಿಗ. ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ನಮ್ಮಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ದಂಟು, ಮೆಂತ್ಯ, ಸಬ್ಬಸಿಗೆ ಹೇರಿಕೊಂಡು ಜಯನಗರದ ಮಾರ್ಕೆಟ್ಟಿಗೆ ಬರುತ್ತಿದ್ದರು. ನಾನು ಹಗಲೆಲ್ಲ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ತೋಳು, ಕಾಲರುಗಳ ಕಟ್ಟು ಕಟ್ಟಿ, ಸಂಜೆ ಕಾಲೇಜಿನಲ್ಲಿ ನಿದ್ದೆಯನ್ನೂ ಕಾಸ್ಟ್ ಅಕೌಂಟಿಂಗನ್ನೂ ಒಟ್ಟಿಗೆ ಎದುರಿಸಿ ಬಿ.ಕಾಂ. ಮಾಡಿದೆ. ಪಾಸಾದ ದಿನ ಸ್ಟುಡಿಯೋಗೆ ಹೋದೆ. ಸ್ಟುಡಿಯೋದವರು ಕರಿ ಗೌನು, ಚೌಕದ ಟೋಪಿ ಎರಡನ್ನೂ ಬಾಡಿಗೆಗೆ ಕೊಟ್ಟು, ಕೈಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಸುರುಳಿ ಸುತ್ತಿ ಹಿಡಿಸಿದರು. ಫೋಟೋ ನೋಡಿ ಅಪ್ಪ, ‘ಲಾಯರ್ ಆದ್ಯೇನಪ್ಪಾ?’ ಎಂದರು. ‘ಅಲ್ಲಪ್ಪ, ಬಿ.ಕಾಂ.’ ಎಂದೆ. ‘ಇರ್ಲಿ ಬಿಡು, ಕೋಟು ಚೆನ್ನಾಗೈತೆ’ ಎಂದರು. ಆ ಫೋಟೋ ಇವತ್ತಿಗೂ ನಮ್ಮ ಹಜಾರದ ಗೋಡೆಯ ಮೇಲಿದೆ. ಮನೆಗೆ ಬಂದವರಿಗೆಲ್ಲ ನಾನೇ ಮುಂದಾಗಿ, ‘ಗೌನು ಬಾಡಿಗೆಯದು, ಪದವಿ ಮಾತ್ರ ಸ್ವಂತದ್ದು’ ಎಂದು ಹೇಳುತ್ತೇನೆ. ಅವರು ಕೇಳಿರುವುದಿಲ್ಲ, ಆದರೂ ಹೇಳುತ್ತೇನೆ.

ಇಷ್ಟೆಲ್ಲ ಪರೀಕ್ಷೆ ಗೆದ್ದವನಿಗೆ ಒಂದು ವಿದ್ಯೆ ಮಾತ್ರ ಒಲಿಯಲಿಲ್ಲ: ಮೋಟರ್ ಸೈಕಲ್ ಸವಾರಿ. ಕ್ಲಚ್ಚನ್ನು ಹಿಡಿಯಬೇಕಾದಾಗ ಬಿಡುತ್ತಿದ್ದೆ, ಬಿಡಬೇಕಾದಾಗ ದೇವರ ಪಾದದ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಕಲಿಸಲು ಬಂದ ಗೆಳೆಯ, ‘ಗುರು, ನೀನು ಇನ್ನೊಂದು ಡಿಗ್ರಿ ಬೇಕಾದ್ರೆ ಮಾಡ್ಕೋ, ನನ್ನ ಗಾಡಿ ಬಿಟ್ಬಿಡು’ ಎಂದು ಕೈ ಮುಗಿದ. ಅಂದಿನಿಂದ ನನ್ನ ವಾಹನಗಳು ಎರಡೇ. ಒಂದು ಸಿಟಿ ಬಸ್ಸು. ಇನ್ನೊಂದು ಗಿರಿಜಾಳ ಸ್ಕೂಟರಿನ ಹಿಂದಿನ ಸೀಟು. ಅವಳು ತ್ಯಾಗರಾಜನಗರದ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಹೋಗುವಾಗ ನನ್ನನ್ನು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸುತ್ತಾಳೆ. ಇಬ್ಬರ ಊಟದ ಬ್ಯಾಗುಗಳೂ ನನ್ನ ಮಡಿಲಲ್ಲಿರುತ್ತವೆ. ಅಲ್ಲಿಂದ ಬಿ.ಟಿ.ಎಂ. ಲೇಔಟಿನ ಆಫೀಸಿಗೆ ಬಸ್ಸು. ಶಾಲೆಯ ಮಕ್ಕಳಿಗೆ ಹೇಳುವ ಧಾಟಿಯಲ್ಲೇ, ‘ಇಳೀರಿ, ಹುಷಾರು, ಬ್ಯಾಗ್ ಮರೀಬೇಡಿ’ ಎನ್ನುತ್ತಾಳೆ. ನಾನು ಇಳಿಯುತ್ತೇನೆ.

ಹೋದ ಸಲ ದಸರೆಗೆ ಮುಂಚೆ ಗಿರಿಜಾ ಕೆಂಪಂಚಿನ ಹಳದಿ ಸೀರೆಯೊಂದಕ್ಕೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕಲು ಜಯನಗರಕ್ಕೆ ಹೊರಟಳು. ಜೊತೆಗೆ ನಾನೂ ಇದ್ದೆ. ಮ್ಯಾಚಿಂಗ್ ಹುಡುಕುವುದೆಂದರೆ ಏನೆಂದು ಗಂಡಸರಿಗೆ ನಾನು ವಿವರಿಸಬೇಕಾಗಿಲ್ಲ. ಮೂರನೆಯ ಅಂಗಡಿಯಲ್ಲಿ ನಾನು ‘ಎಲ್ಲಾ ಕೆಂಪೂ ಒಂದೇ ಅಲ್ವಾ?’ ಎಂದೆ. ಅವಳು ನನ್ನನ್ನು ಹೊರಗೆ ಕಳಿಸಿದಳು. ಬಿಸಿಲು ಜೋರಾಗಿತ್ತು. ಎದುರಿಗೆ ಎ.ಸಿ.ಯ ತಣ್ಣನೆ ಗಾಳಿಯನ್ನು ರಸ್ತೆಗೂ ಚೂರು ಬಿಡುತ್ತಿದ್ದ ಗಾಜಿನ ಬಾಗಿಲು ಕಂಡಿತು. ಒಳಗೆ ಹೋದೆ. ಅದು ಹೆಸರಾಂತ ಮೋಟರ್ ಸೈಕಲ್ ಕಂಪನಿಯೊಂದರ ಅಂಗಡಿ. ಆದರೆ ಮೋಟರ್ ಸೈಕಲ್ ಇದ್ದದ್ದು ಒಂದೇ ಒಂದು. ಅದು ಮಧ್ಯದಲ್ಲಿ ಪೀಠದ ಮೇಲೆ, ದೀಪದ ಬೆಳಕಿನಲ್ಲಿ, ಮೂಲ ವಿಗ್ರಹದ ಹಾಗೆ ನಿಂತಿತ್ತು. ಸುತ್ತ ಉಳಿದದ್ದೆಲ್ಲ ಬಟ್ಟೆ. ಕಂಪನಿಯ ಹೆಸರಿರುವ ಜಾಕೆಟ್ಟು, ಟೀ ಶರ್ಟು, ಬೂಟು, ಬೆಲ್ಟು, ಕಾಫಿ ಮಗ್ಗು, ಕೀ ಚೈನು, ಹಾಲು ಕುಡಿಯುವ ಕೂಸಿಗೆ ತೊಡಿಸುವ ಅಂಗಿ. ಆ ಕೂಸಿಗೆ ಲೈಸೆನ್ಸ್ ಬರುವ ಹೊತ್ತಿಗೆ ಅಂಗಿ ಚಿಕ್ಕದಾಗುವುದಿಲ್ಲವೇ ಎಂದು ಕೇಳಬೇಕೆನಿಸಿತು.

ನನಗೊಂದು ಆಲೋಚನೆ ಬಂತು. ಗಾಡಿ ಮಾಡುವವರು ಅಂಗಿ ಮಾರಬಹುದಾದರೆ ಬೇರೆಯವರೇಕೆ ಮಾರಬಾರದು? ಕುಕ್ಕರ್ ಕಂಪನಿಯ ಟೀ ಶರ್ಟು ತೊಟ್ಟು ಗಿರಿಜಾ ಹೆಮ್ಮೆಯಿಂದ ತಿರುಗಾಡಬಹುದಲ್ಲ. ಅವಳು ಅದನ್ನು ಓಡಿಸಿರುವಷ್ಟು ದೂರ ಯಾವ ಸವಾರ ಬೈಕ್ ಓಡಿಸಿದ್ದಾನೆ? ನಾನು ಇಷ್ಟು ವರ್ಷ ಸಿಟಿ ಬಸ್ಸಿನ ಕಂಬಿ ಹಿಡಿದು ನಿಂತಿದ್ದೇನೆ. ಬಸ್ಸಿನವರು ಒಂದು ಜಾಕೆಟ್ ಹೊಲಿಸಿ, ಬೆನ್ನಿಗೆ ‘ಹಿಂದೆ ಸರೀರಿ, ಒಳಗೆ ಜಾಗ ಇದೆ’ ಎಂದು ಬರೆಸಿ ಮಾರಿದ್ದರೆ ಮೊದಲ ಗಿರಾಕಿ ನಾನೇ ಆಗುತ್ತಿದ್ದೆ. ಅವರು ಮಾರಲಿಲ್ಲ. ಅದಕ್ಕೇ ನಾನು ಕೆಟ್ಟೆ.

ಮರಳಿನ ಬಣ್ಣದ ಜಾಕೆಟ್ಟೊಂದು ನೇತಾಡುತ್ತಿತ್ತು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದ ಕೈ ಸುಮ್ಮನಿರುವುದಿಲ್ಲ. ತೋಳು ತಿರುಗಿಸಿ ಒಳಗಿನ ಹೊಲಿಗೆ ನೋಡಿದೆ. ಜೋಡಿ ಸೂಜಿಯ ಹೊಲಿಗೆ, ಒಂದು ದಾರವೂ ಆಚೀಚೆ ಹೋಗಿರಲಿಲ್ಲ. ನಮ್ಮ ಸೂಪರ್‌ವೈಸರ್ ನೋಡಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ‘ಸಾರ್’ ಎಂದು ಕೇಳಿಸಿತು.

‘ಸಾರ್, ಒಳ್ಳೇ ಪೀಸ್ ಹಿಡ್ಕೊಂಡಿದೀರಾ. ಯಾವ ಮಾಡೆಲ್ ಓಡಿಸ್ತಿದೀರಾ ಸಾರ್?’

‘ಹೊಲಿಗೆ ನೋಡ್ತಿದ್ದೆ, ಅಷ್ಟೆ’ ಎನ್ನಬಹುದಿತ್ತು. ‘ಬಸ್ಸಲ್ಲಿ ಓಡಾಡ್ತೀನಿ’ ಎನ್ನಬಹುದಿತ್ತು. ಸೊಪ್ಪಿನ ಸೈಕಲ್ಲಿನ ಮಗ ಇದೇ ಜಯನಗರದಲ್ಲಿ, ಇಂಥ ಅಂಗಡಿಯಲ್ಲಿ ‘ಸಾರ್’ ಎನಿಸಿಕೊಂಡು ನಿಂತಿದ್ದೇನೆ ಎಂಬ ಸಂತೋಷದಲ್ಲಿ ನನ್ನ ಬಾಯಿ, ‘ಗಾಡಿ ಸರ್ವೀಸ್‌ಗೆ ಬಿಟ್ಟಿದೀನಿ’ ಎಂದಿತು.

‘ಸೂಪರ್ ಸಾರ್. ಲಾಂಗ್ ರೈಡ್ ಎಲ್ಲಾ ಹೋಗ್ತೀರಾ?’

‘ದಿನಾ ಹೋಗ್ತೀನಿ’ ಎಂದೆ. ಇದು ಸುಳ್ಳಲ್ಲ. ಬನಶಂಕರಿಯಿಂದ ಬಿ.ಟಿ.ಎಂ.ಗೆ ಆಫೀಸ್ ಹೊತ್ತಿನಲ್ಲಿ ಹೋಗಿ ನೋಡಿ.

‘ಹಾಗಾದ್ರೆ ನಿಮಗೆ ಇದೇ ಬೇಕು. ಭುಜಕ್ಕೆ, ಮೊಣಕೈಗೆ ಗಾರ್ಡ್ ಇದೆ. ಹಾಕ್ಕೊಂಡು ನೋಡಿ.’ ಹಾಕಿಕೊಂಡು ಕನ್ನಡಿ ನೋಡಿದೆ. ನನಗೆ ಇಲ್ಲದ ಭುಜಗಳು ಬಂದಿದ್ದವು. ಆಮೇಲೆ ನಡೆದದ್ದು ನನ್ನ ಕೈಯಲ್ಲಿರಲಿಲ್ಲ. ಬೆಲೆ ಇಲ್ಲಿ ಬರೆಯುವುದಿಲ್ಲ. ಗಿರಿಜಾ ಇದನ್ನು ಓದುತ್ತಾಳೆ.

ಹೊರಗೆ ಬಂದಾಗ ಗಿರಿಜಾಳ ಕೈಯಲ್ಲಿ ಒಂದು ತುಂಡು ಕೆಂಪು ಬಟ್ಟೆ, ನನ್ನ ಕೈಯಲ್ಲಿ ದೊಡ್ಡ ಚೀಲ. ಅವಳು ಚೀಲದೊಳಗೆ ಇಣುಕಿ, ‘ಗಾಡಿ ಎಲ್ಲಿ?’ ಎಂದಳು. ‘ಇಲ್ಲ’ ಎಂದೆ. ‘ಜಾಕೆಟ್ ಹಾಕ್ಕೊಂಡು ಏನ್ ಓಡಿಸ್ತೀರಾ?’ ಎಂದಳು. ಅವಳ ಸ್ಕೂಟರಿನ ಹಿಂದೆ ಕೂತು, ನಾನು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಮನೆಯಲ್ಲಿ ನಮ್ಮವ್ವ ಜಾಕೆಟ್ಟನ್ನು ಮುಟ್ಟಿ ಮುಟ್ಟಿ ನೋಡಿದರು. ಮೊಣಕೈಯ ಗಟ್ಟಿ ಭಾಗ ಒತ್ತಿ, ‘ಇದ್ಯಾಕಪ್ಪ ಇಲ್ಲಿ ಗಂಟು?’ ಎಂದರು. ‘ಬಿದ್ರೆ ಏಟಾಗ್ಬಾರ್ದು ಅಂತ ಕಣವ್ವ’ ಎಂದೆ. ‘ಬೀಳಾಕೆ ಅಂತ್ಲೇ ಹೊಲ್ಸವ್ರಾ?’ ಎಂದು ಅವ್ವ ಬೆರಗಾದರು. ‘ಯಾವ ಅಂಗ್ಡೀದು?’ ಎಂದರು. ‘ಮೋಟರ್ ಸೈಕಲ್ ಅಂಗಡೀದು’ ಎಂದೆ. ಆ ಮಾತನ್ನು ಅವ್ವ ಜೋಪಾನವಾಗಿ ಇಟ್ಟುಕೊಂಡರೆಂದು ಆಗ ನನಗೆ ತಿಳಿಯಲಿಲ್ಲ.

ಆಯುಧ ಪೂಜೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಗಿರಿಜಾಳ ಸ್ಕೂಟರಿಗೆ ಸೇವಂತಿಗೆ ಹಾರ ಬಿದ್ದಿತ್ತು. ಅದರ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ತೊಡಿಸಿ ನನ್ನ ಜಾಕೆಟ್ಟನ್ನು ಕೂರಿಸಿದ್ದರು. ಅದಕ್ಕೂ ಹಾರ. ಅವ್ವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಗಾಡಿ ಅಂಗಡಿಯಿಂದ ಬಂದ ವಸ್ತು, ಆದ್ದರಿಂದ ಪೂಜೆಯಾಗಬೇಕು. ಜೊತೆಗೆ ಹೊಸ ಬಟ್ಟೆ, ಆದ್ದರಿಂದ ಅರಿಶಿನ ಮುಟ್ಟಿಸಬೇಕು. ಸಾಮಾನ್ಯ ಅಂಗಿಯಾದರೆ ಅಂಚಿಗೆ ಒಂದು ಚುಕ್ಕೆ ಸಾಕು. ಇದು ಬಟ್ಟೆಯೂ ಹೌದು, ಗಾಡಿಯೂ ಹೌದು ಎಂದು ಅವ್ವ ಅರಿಶಿನವನ್ನು ಬಟ್ಟಲಲ್ಲಿ ಕಲಸಿ, ಇಡೀ ಬೆನ್ನಿಗೆ ಅಂಗೈಯಿಂದ ಬಳಿದಿದ್ದರು. ಕಂಪನಿಯ ಹೆಸರು ಅರಿಶಿನದಡಿ ಮುಳುಗಿಹೋಗಿತ್ತು. ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ ಅವ್ವ, ‘ಚಕ್ರ ಎಲ್ಲೈತೆ ಅಂತ ಹುಡುಕ್ತಾ ಇವ್ನಿ ಕಣಪ್ಪ’ ಎಂದರು. ಗಿರಿಜಾ ಒಳಗೆ ಓಡಿದಳು. ಅಡುಗೆಮನೆಯಿಂದ ನಗು ಕೇಳಿಸಿತು. ನಾನೇ ನಿಂಬೆಹಣ್ಣನ್ನು ಕುರ್ಚಿಯ ಕಾಲಡಿ ಇಟ್ಟೆ. ಕುರ್ಚಿ ಅದನ್ನು ತುಳಿಯಲಿಲ್ಲ, ನಾನೇ ತುಳಿದೆ.

ಪೂಜೆ ಮುಗಿದ ಮೇಲೆ ಕಲೆ ತೆಗೆಯಲು ಕೂತೆ. ಜಾಕೆಟ್ಟಿನ ಚೀಟಿಯಲ್ಲಿ ನೀರಿಗೆ ಹಾಕಬಾರದೆಂದು ಬರೆದಿತ್ತು. ಹಾಗಾಗಿ ನೀರು ಹೆಚ್ಚು ಮುಟ್ಟಿಸದೆ, ಬಟ್ಟೆ ಸೋಪನ್ನು ಒದ್ದೆ ಮಾಡಿ ಕೆಳಗಿನಿಂದ ಉಜ್ಜುತ್ತ ಬಂದೆ. ಉಜ್ಜಿದಲ್ಲೆಲ್ಲ ಅರಿಶಿನ ಹೋಗುವ ಬದಲು ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಆರತಿ ನೀರು ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸೋಪೂ ಅದೇ ಕೆಲಸ ಮಾಡುತ್ತದೆಂದು ಹೊಳೆಯಲಿಲ್ಲ. ಬಿ.ಎಸ್ಸಿ. ಮಾಡಿದ್ದರೆ ಹೊಳೆಯುತ್ತಿತ್ತೋ ಏನೋ. ಅರ್ಧ ಬೆನ್ನು ಉಜ್ಜಿದ ಮೇಲೆ ಗಾಬರಿಯಾಗಿ ನಿಲ್ಲಿಸಿ ಒಣಬಟ್ಟೆಯಲ್ಲಿ ಒರೆಸಿದೆ. ಅವ್ವ ಬಂದು, ‘ದೇವ್ರ ಅರ್ಶ್ನ, ಇನ್ನು ಮುಟ್ಬೇಡ’ ಎಂದರು. ಅಲ್ಲಿಗೆ ಮುಗಿಯಿತು. ಹೇಗೂ ಬೆನ್ನು ನನಗೆ ಕಾಣುವುದಿಲ್ಲ. ದುಬಾರಿ ಜಾಕೆಟ್ಟನ್ನು ಮೂಲೆಗೆ ಹಾಕುವ ಮನಸ್ಸೂ ಇರಲಿಲ್ಲ. ದಸರೆ ರಜೆ ಮುಗಿದ ದಿನದಿಂದಲೇ ತೊಟ್ಟು ಆಫೀಸಿಗೆ ಹೊರಟೆ. ಸಿಟಿ ಬಸ್ಸಿನಲ್ಲಿ ಅದರ ಮೊಣಕೈ ಗಾರ್ಡುಗಳ ನಿಜವಾದ ಉಪಯೋಗ ತಿಳಿಯಿತು. ಅದನ್ನು ಹೊಲಿದವರು ಯಾವತ್ತೋ ಸಿಲ್ಕ್ ಬೋರ್ಡ್ ಕಡೆಯ ತುಂಬಿದ ಬಸ್ಸು ಹತ್ತಿದ್ದಿರಬೇಕು. ಒಮ್ಮೆ ಸಿಗ್ನಲ್ಲಿನಲ್ಲಿ ಅದೇ ಕಂಪನಿಯ ಗಾಡಿಯ ಮೇಲಿದ್ದ ಗಡ್ಡದ ಸವಾರನೊಬ್ಬ ನನ್ನ ತೋಳಿನ ಮೇಲಿನ ಗುರುತು ನೋಡಿ, ನೆಂಟನನ್ನು ಕಂಡವನಂತೆ ಹೆಬ್ಬೆರಳು ಎತ್ತಿದ. ಹೆಂಡತಿಯ ಹಿಂದೆ ಊಟದ ಬ್ಯಾಗು ತಬ್ಬಿಕೊಂಡು ಕೂತಿದ್ದ ನಾನೂ ಗಂಭೀರವಾಗಿ ಹೆಬ್ಬೆರಳು ಎತ್ತಿದೆ.

ಹೀಗೆ ಸುಖವಾಗಿರುವಾಗ ಒಂದು ಸಂಜೆ ನಂಜುಂಡ ನನ್ನನ್ನು ತಡೆದು ನಿಲ್ಲಿಸಿದ. ನಂಜುಂಡ ನಮ್ಮ ಬೀದಿಯ ತುದಿಯಲ್ಲಿ ಕಾಂಡಿಮೆಂಟ್ಸ್ ಇಟ್ಟಿದ್ದಾನೆ. ಕನ್ನಡ ಸಂಘದ ಕಾರ್ಯದರ್ಶಿಯೂ ಅವನೇ. ಕೋಡುಬಳೆ ತೂಗುವುದನ್ನು ಅರ್ಧಕ್ಕೆ ಬಿಟ್ಟು ಅಂಗಡಿಯಿಂದ ಹೊರಗೆ ಬಂದು, ನನ್ನ ಹಿಂದೆ ಒಂದು ಸುತ್ತು ಹಾಕಿದ.

‘ಸಾರ್! ಸಖತ್ ಸಾರ್! ಮೇಲೆ ಹಳದಿ, ಕೆಳಗೆ ಕೆಂಪು! ಬೆನ್ನ ಮೇಲೆ ಬಾವುಟಾನೇ ಮಾಡ್ಸಿದೀರಲ್ಲ! ಎಲ್ಲಿ ಪ್ರಿಂಟ್ ಹಾಕ್ಸಿದ್ರಿ?’

‘ಮನೇಲಿ ಮಾಡಿದ್ದು’ ಎಂದೆ.

‘ಅದೇ ಅಂದ್ಕೊಂಡೆ. ಅಭಿಮಾನ ಅಂದ್ರೆ ಇದು. ಸಾರ್, ರಾಜ್ಯೋತ್ಸವದ ಬೈಕ್ ರ‍್ಯಾಲಿಗೆ ಈ ಸಲ ಎಲ್ಲರಿಗಿಂತ ಮುಂದೆ ನೀವೇ. ಇಲ್ಲ ಅನ್ನೋ ಹಾಗಿಲ್ಲ.’

‘ನಂಜುಂಡ, ನನ್ನ ಗಾಡಿ...’ ಎಂದು ಶುರು ಮಾಡಿದೆ.

‘ಗಾಡಿ ಬಗ್ಗೆ ತಲೆ ಕೆಡಿಸ್ಕೋಬೇಡಿ ಸಾರ್. ಅದು ನನಗ್ ಬಿಡಿ, ವ್ಯವಸ್ಥೆ ಮಾಡ್ತೀನಿ. ನೀವು ಜಾಕೆಟ್ ಹಾಕ್ಕೊಂಡು ಬನ್ನಿ ಸಾಕು’ ಎಂದು ಪೊಟ್ಟಣದಲ್ಲಿ ಕೋಡುಬಳೆ ಕಟ್ಟಿ ಕೈಗೆ ತುರುಕಿದ.

ಅಲ್ಲಿಂದ ನನ್ನ ಊಟ ನಿದ್ದೆ ಎರಡೂ ಕೆಟ್ಟವು. ನಂಜುಂಡ ಯಾರದೋ ದೊಡ್ಡ ಬೈಕ್ ತಂದು ನಿಲ್ಲಿಸುತ್ತಾನೆ. ಇಡೀ ಬೀದಿಯ ಮುಂದೆ ನಾನು ಕ್ಲಚ್ ಬಿಡುತ್ತೇನೆ. ತಾಯಿ ಭುವನೇಶ್ವರಿಯ ಚಿತ್ರಕ್ಕೇ ಹೋಗಿ ಗುದ್ದುತ್ತೇನೆ. ಬೀಳುವುದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯೇ. ‘ಇಷ್ಟು ದಿನ ಜಾಕೆಟ್ ಹಾಕ್ಕೊಂಡು ನಮ್ಮನ್ನ ಯಾಮಾರಿಸಿದ್ರಲ್ಲ’ ಎಂದು ಅವರಿಗನ್ನಿಸಿದರೆ, ಆಮೇಲೆ ನಾನು ಓದುವ ಜಮಾಖರ್ಚನ್ನು ಯಾರು ನಂಬುತ್ತಾರೆ? ಹಗಲು ಬೊಮ್ಮನಹಳ್ಳಿ, ಸಂಜೆ ಕಾಲೇಜು ಮಾಡಿ ಸಂಪಾದಿಸಿದ ಹೆಸರು ಒಂದು ಜಾಕೆಟ್ಟಿಗೆ ಹೋಗಿಬಿಟ್ಟರೆ? ಹಜಾರದ ಫೋಟೋದಲ್ಲಿದ್ದ ನನ್ನ ಮುಖವನ್ನು ನಾನೇ ನೋಡಲಾರದೆ ಹೋದೆ. ದಿನವೂ ನಿಜ ಹೇಳಲೆಂದೇ ನಂಜುಂಡನ ಅಂಗಡಿಗೆ ಹೋಗುತ್ತಿದ್ದೆ. ‘ಬನ್ನಿ ಲೀಡರ್ ಸಾರ್!’ ಎನ್ನುತ್ತಿದ್ದ. ನಾನು ನಿಪ್ಪಟ್ಟು ತೆಗೆದುಕೊಂಡು ವಾಪಸು ಬರುತ್ತಿದ್ದೆ. ಮನೆಯಲ್ಲಿ ನಿಪ್ಪಟ್ಟಿನ ಡಬ್ಬ ತುಂಬಿತು.

‘ನಿಜ ಹೇಳ್ಬಿಡಿ’ ಎಂದಳು ಗಿರಿಜಾ, ನಿಪ್ಪಟ್ಟು ಮುರಿಯುತ್ತ.

‘ಗ್ರಾಜುಯೇಟ್ ಸಾರ್ ಸುಳ್ಳು ಹೇಳಲ್ಲ ಅಂತ ನಂಬಿದಾರೆ ಕಣೆ.’

‘ಅದಕ್ಕೇ ಹೇಳಿ ಅಂತಿರೋದು’ ಎಂದು ಇನ್ನೊಂದು ನಿಪ್ಪಟ್ಟು ತೆಗೆದುಕೊಂಡಳು. ಅವಳ ಮುಖದಲ್ಲಿ ಸಣ್ಣ ನಗುವಿತ್ತು. ನಾನು ಅದನ್ನು ನಿಪ್ಪಟ್ಟಿನ ರುಚಿಗೆ ಎಂದುಕೊಂಡೆ.

ರಾಜ್ಯೋತ್ಸವದ ಬೆಳಿಗ್ಗೆ ಬೀದಿ ತುಂಬ ಬೈಕುಗಳು. ಎಲ್ಲಕ್ಕೂ ಬಾವುಟ. ಪಾರ್ಕಿನ ಗೇಟಿನ ಮುಂದೆ ಎಲ್ಲಕ್ಕಿಂತ ಎತ್ತರದ ಒಂದು ಬೈಕು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು, ನನಗಾಗಿಯೇ ಕಾಯುತ್ತಿರುವ ಕೋಣದ ಹಾಗೆ ನಿಂತಿತ್ತು. ಜನ ದಾರಿ ಬಿಟ್ಟರು. ಯಾರೋ ‘ಲೀಡರ್ ಬಂದ್ರು’ ಎಂದರು. ಅವ್ವ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ಬೈಕಿನ ಹತ್ತಿರ ಹೋಗಿ ಅದರ ಕ್ಲಚ್ಚನ್ನು ನೋಡಿದೆ. ಇನ್ನು ಸಾಧ್ಯವಿಲ್ಲವೆನಿಸಿತು. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿಬಿಟ್ಟೆ.

‘ನಂಜುಂಡ, ನಂಗೆ ಬೈಕ್ ಓಡ್ಸಕ್ಕೆ ಬರಲ್ಲ. ನನ್ನ ಹತ್ರ ಬೈಕೂ ಇಲ್ಲ. ಯಾವತ್ತೂ ಇರ್ಲಿಲ್ಲ. ಈ ಬಾವುಟಾನೂ ನಾನು ಮಾಡ್ಸಿದ್ದಲ್ಲ. ನಮ್ಮವ್ವ ಅರಿಶಿನ ಬಳಿದ್ರು, ನಾನು ಸೋಪ್ ಹಚ್ಚಿದೆ, ಹಿಂಗಾಯ್ತು.’

ನಂಜುಂಡ ಕಣ್ಣು ಮಿಟುಕಿಸದೆ, ‘ಗೊತ್ತಲ್ಲ ಸಾರ್’ ಎಂದ.

‘ಏನು ಗೊತ್ತು?’

‘ಬೈಕ್ ಬರಲ್ಲ ಅಂತ. ದಿನಾ ನನ್ನ ಅಂಗಡಿ ಮುಂದೇನೇ ಅಕ್ಕನ ಹಿಂದೆ ಊಟದ ಬ್ಯಾಗ್ ತಬ್ಕೊಂಡು ಹೋಗ್ತೀರಲ್ಲ ಸಾರ್. ಇಡೀ ಬೀದಿಗೇ ಗೊತ್ತು. ಅರಿಶಿನದ ವಿಷಯ ಮಾತ್ರ ಗೊತ್ತಿರ್ಲಿಲ್ಲ, ಅದು ಇನ್ನೂ ಚೆನ್ನಾಗಿದೆ.’

‘ಮತ್ತೆ ನಾನೇ ಮುಂದೆ ಅಂತ ಯಾಕಂದೆ? ಈ ಬೈಕ್ ಯಾರಿಗೆ?’

‘ಇದು ನಮ್ಮ ಭಾವಮೈದುನಂದು, ಅವನೇ ಓಡಿಸ್ತಾನೆ, ನಿಮ್ಮ ಹಿಂದೆ ಬರ್ತಾನೆ. ಸಾರ್, ಬಾವುಟ ಇರೋದು ನಿಮ್ಮ ಬೆನ್ನ ಮೇಲೆ. ಓಡಿಸೋರು ಬಗ್ಗಿ ಬಿಡ್ತಾರೆ, ಬೆನ್ನು ಕಾಣಲ್ಲ. ಹಿಂದೆ ಕೂತು ಕಂಬ ನೆಟ್ಟ ಹಾಗೆ ನೆಟ್ಟಗಿರೋರು ಬೇಕು. ಹುಡುಗರಲ್ಲಿ ಯಾರನ್ನ ಕೇಳಿದ್ರೂ ನಾನು ಹಿಂದೆ ಕೂರಲ್ಲ ಅಂತಾರೆ. ಹಿಂದೆ ಕೂರೋದ್ರಲ್ಲಿ ನಿಮ್ಮಷ್ಟು ಸರ್ವೀಸ್ ಯಾರಿಗಿದೆ ಹೇಳಿ?’

ಜನ ನಕ್ಕರು. ಅಷ್ಟರಲ್ಲಿ ಪೀಂ ಎಂಬ ಪರಿಚಿತ ಹಾರ್ನ್ ಕೇಳಿಸಿತು. ಗಿರಿಜಾ ಹಳದಿ ಸೀರೆ, ಕೆಂಪು ಬ್ಲೌಸ್ ತೊಟ್ಟು ಸ್ಕೂಟರಿನಲ್ಲಿ ಬಂದಳು. ಕನ್ನಡಿಗಳಿಗೆ ರಿಬ್ಬನ್ ಕಟ್ಟಿದ್ದಳು. ಮ್ಯಾಚಿಂಗ್ ಚೆನ್ನಾಗಿಯೇ ಇತ್ತೆಂದು ಒಪ್ಪಬೇಕು.

‘ನಿಂಗೆ ಮೊದ್ಲೇ ಗೊತ್ತಿತ್ತಾ?’ ಎಂದೆ.

‘ನಂಜುಂಡ ಅವತ್ತೇ ಬಂದು ಕೇಳಿದ್ರು. ನೀವಾಗೇ ಯಾವಾಗ ಬಾಯಿ ಬಿಡ್ತೀರಾ ಅಂತ ನೋಡ್ತಿದ್ದೆ. ಹತ್ತಿ, ಹುಷಾರು’ ಎಂದಳು. ಹತ್ತಿದೆ. ಮಡಿಲಲ್ಲಿ ಬ್ಯಾಗಿಲ್ಲದೆ ಕೈ ಏನು ಮಾಡಬೇಕೆಂದು ತಿಳಿಯಲಿಲ್ಲ. ನಂಜುಂಡ ದೊಡ್ಡ ಬಾವುಟವೊಂದನ್ನು ಹಿಡಿಸಿದ. ಅವ್ವ ಎದ್ದು ಬಂದು ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಈ ಸಲ ಚಕ್ರ ಸಿಕ್ಕಿದ ಸಮಾಧಾನ ಅವರ ಮುಖದಲ್ಲಿತ್ತು.

ಹೊರಟೆವು. ಬನಶಂಕರಿಯಿಂದ ಜಯನಗರ, ಜಯನಗರದಿಂದ ಜೆ.ಪಿ. ನಗರ. ಗಿರಿಜಾಳ ವೇಗ ಶಾಲೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುವ ವೇಗ. ಹಿಂದಿದ್ದ ದೊಡ್ಡ ಬೈಕುಗಳೆಲ್ಲ ಗುಡುಗುಟ್ಟುತ್ತ, ಉಗುಳು ನುಂಗುತ್ತ, ಅವಳ ಹಿಂದೆ ಮೆಲ್ಲಗೆ ಬಂದವು. ಜಯನಗರದಲ್ಲಿ ಒಂದು ಎಳನೀರಿನ ತಳ್ಳುಗಾಡಿ ನಮ್ಮನ್ನು ಹಿಂದೆ ಹಾಕಿತು. ಮಹಡಿಗಳ ಮೇಲಿಂದ ಜನ ಕೈ ಬೀಸಿದರು. ಅಪ್ಪ ಸೊಪ್ಪಿನ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಮಾರ್ಕೆಟ್ಟಿನ ರಸ್ತೆಯಲ್ಲಿ ಹಿಂದಿನವರೆಲ್ಲ ಒಟ್ಟಿಗೆ ಜೈಕಾರ ಹಾಕಿದಾಗ ನಾನು ಬಗ್ಗಿ ಸೊಪ್ಪಿನ ಸಾಲಿನ ಕಡೆ ನೋಡಿದೆ. ಗಿರಿಜಾ ತಿರುಗದೆಯೇ, ‘ನೆಟ್ಟಗೆ ಕೂತ್ಕೊಳ್ಳಿ, ಬಾವುಟ ಮಡಚ್ಕೊಳ್ತಿದೆ’ ಎಂದಳು. ಕೈಯಲ್ಲಿದ್ದುದನ್ನೋ ಬೆನ್ನ ಮೇಲಿದ್ದುದನ್ನೋ ಎಂದು ಕೇಳಲಿಲ್ಲ. ಎರಡನ್ನೂ ನೆಟ್ಟಗೆ ಮಾಡಿಕೊಂಡೆ.

ಬಿಸಿಲಿಗೆ ಅರಿಶಿನ ನಿಲ್ಲುವುದಿಲ್ಲ. ಜಾಕೆಟ್ಟನ್ನು ಮಹಡಿಯ ಮೇಲೆ ಒಣಹಾಕಿದ್ದಕ್ಕೆ ಬಾವುಟ ದಿನದಿನಕ್ಕೆ ಮಾಸಿ, ಕಂಪನಿಯ ಹೆಸರು ಮತ್ತೆ ತಲೆ ಎತ್ತಿತು. ಆದರೆ ನಂಜುಂಡ ರ‍್ಯಾಲಿಯ ಫೋಟೋ ಒಂದನ್ನು ದೊಡ್ಡದು ಮಾಡಿಸಿ ತಂದುಕೊಟ್ಟ. ಅವ್ವ ಹಟ ಹಿಡಿದು ಅದನ್ನು ಗೌನಿನ ಫೋಟೋದ ಪಕ್ಕದಲ್ಲೇ ಹಾಕಿಸಿದರು. ಹಿಂದಿನಿಂದ ತೆಗೆದದ್ದು, ಕಾಣುವುದು ಹಳದಿ ಕೆಂಪಿನ ಒಂದು ಅಗಲವಾದ ಬೆನ್ನು ಮಾತ್ರ. ಮನೆಗೆ ಬಂದವರಿಗೆ ಈಗ ನಾನು ಎರಡನ್ನೂ ತೋರಿಸುತ್ತೇನೆ. ಒಂದರಲ್ಲಿ ಮುಖ ನನ್ನದು, ಗೌನು ಬಾಡಿಗೆಯದು. ಇನ್ನೊಂದರಲ್ಲಿ ಜಾಕೆಟ್ಟು ನನ್ನದು, ಮುಖವೇ ಇಲ್ಲ.

ಮೊನ್ನೆ ಗಿರಿಜಾ, ಚಳಿಗೆ ಕೈಗವಸು ಬೇಕೆಂದು ಅದೇ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದಳು. ಮುಂದಿನ ರಾಜ್ಯೋತ್ಸವಕ್ಕೂ ಮುಂದಾಳು ಅವಳೇ ಎಂದು ಸಂಘ ಆಗಲೇ ತೀರ್ಮಾನಿಸಿದೆ. ನನ್ನ ವಿಷಯ ಇನ್ನೂ ಚರ್ಚೆಯಲ್ಲಿದೆ, ಅವ್ವ ಮತ್ತೆ ಅರಿಶಿನ ಬಳಿದುಕೊಡುವರೇ ಎಂಬುದರ ಮೇಲೆ ನಿಂತಿದೆ. ಅಂಗಡಿಯ ಅದೇ ಸೇಲ್ಸ್‌ಮನ್ ಓಡಿ ಬಂದ. ‘ಮೇಡಂ, ನೀವು ಯಾವ ಗಾಡಿ?’ ಎಂದ. ‘ಸ್ಕೂಟರ್’ ಎಂದಳು, ಮಗ್ಗಿ ಒಪ್ಪಿಸುವಷ್ಟು ಸಲೀಸಾಗಿ. ಅವನು ನನ್ನ ಕಡೆ ತಿರುಗಿ, ತಲೆ ಸ್ವಲ್ಪ ಓರೆ ಮಾಡಿ, ‘ಸಾರ್! ನೆನಪಿದೆ ಸಾರ್! ನಿಮ್ಮ ಗಾಡಿ ಸರ್ವೀಸಿಂದ ಬಂತಾ?’ ಎಂದ.

ಇಡೀ ಬೀದಿಯ ಮುಂದೆ ನಿಜ ಒಪ್ಪಿಕೊಂಡ ಗ್ರಾಜುಯೇಟು ನಾನು. ಒಂದು ಕ್ಷಣ ಯೋಚಿಸಿದೆ.

‘ಇನ್ನೂ ಇಲ್ಲ,’ ಎಂದೆ, ‘ಪಾರ್ಟ್ಸ್ ಬಂದಿಲ್ವಂತೆ.’

ಪಕ್ಕದಲ್ಲಿ ಗಿರಿಜಾ ಕೈಗವಸನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕೆಮ್ಮಿದಳು.